ಮುಂದಾಗೋದು ಮೊದಲೇ ಗೊತ್ತಾಗುತ್ತೆ, ಈ ಶಕ್ತಿಯನ್ನು ನಿಭಾಯಿಸೋದು ಹೇಗೆ? ಮನೆಯಲ್ಲಿ ಹೇಳಬೇಕಾ?

ನಾನೂ ಹೀಗೇ ಇದ್ದೆ. ಹನುಮಂತನಗರದ ನಮ್ಮ ಮನೆಯಲ್ಲಿ ಫೋನ್ ರಿಂಗಾದರೆ ಎತ್ತುವ ಮೊದಲೇ "ಅತ್ತೆ" ಅನ್ನುತ್ತಿದ್ದೆ. ಅತ್ತೆಯೇ ಆಗಿರುತ್ತಿದ್ದರು. "ಇವಳ ನಾಲಿಗೆ ಮೇಲೆ ಮಚ್ಚೆ ಇದೆ, ಆಡಿದ್ದು ಆಗುತ್ತೆ" ಅಂತ ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದರು. ಹೊರಗಿನವರಿಗೆ ಇದು ಮಜಾ ಅನ್ನಿಸುತ್ತೆ. ನನಗೆ ಸುಸ್ತೇ ಜಾಸ್ತಿ. ಬಸ್ಸಿನಲ್ಲಿ ಪಕ್ಕದವರ ಮೊಣಕೈ ತಗುಲಿದರೂ ಅವರ ಸಂಕಟ ನನಗೆ ಹತ್ತಿಕೊಂಡ ಹಾಗೆ. ಮೆಜೆಸ್ಟಿಕ್‌ನಲ್ಲಿ ಇಳಿಯುವಷ್ಟರಲ್ಲಿ ತಲೆ ಸಿಡಿಯುತ್ತಿತ್ತು. ರಾತ್ರಿ ಆಂಬುಲೆನ್ಸ್ ಸದ್ದು ಕೇಳಿದರೆ ನಿದ್ದೆ ಮುಗೀತು.

ಆಮೇಲೆ ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದರು. ಕಾಫಿ ಲೋಟ ಹಿಡಿದ ಹುಡುಗನ ಕೈ ನಡುಗುತ್ತಿತ್ತು. ನನ್ನ ಎದೆ ಝಲ್ ಎಂದಿತು. ಅಡುಗೆಮನೆಗೆ ಬಂದು "ಇವರಿಗೆ ಆಯಸ್ಸಿಲ್ಲ" ಅಂದೆ. ಅದೇ ಹೊತ್ತಿಗೆ ಹಲ್ಲಿ ಲೊಚಗುಟ್ಟಬೇಕೇ! ಅಪ್ಪ ಸಂಬಂಧ ಬೇಡ ಅಂದುಬಿಟ್ಟರು. ಆ ಮನುಷ್ಯ ಈಗಲೂ ಗಟ್ಟಿಮುಟ್ಟಾಗಿದ್ದಾರೆ, ಗಾಂಧಿಬಜಾರಿನಲ್ಲಿ ಮಕ್ಕಳ ಜೊತೆ ಕಂಡಿದ್ದೆ. ಅಕ್ಕ ನನ್ನ ಜೊತೆ ಮಾತು ಬಿಟ್ಟಿದ್ದಾಳೆ.

ಹೆಣ್ಣು ನೋಡಲು ಬಂದವರ ಕೈ ನಡುಗದೆ ಇನ್ನೇನು? ಆದರೆ ನನಗೆ ಆ ಧೈರ್ಯ ಬಂದದ್ದು ಎಲ್ಲಿಂದ ಅಂತ ನೋಡಿ. ನಾನು ಲೆಕ್ಕ ಇಟ್ಟಿರಲಿಲ್ಲ. ಅತ್ತೆ ದಿನಾ ಸಂಜೆ ದೀಪ ಹಚ್ಚಿದ ಮೇಲೇ ಫೋನ್ ಮಾಡುತ್ತಿದ್ದರು, ಯಾರು ಬೇಕಾದರೂ ಹೇಳಬಹುದಿತ್ತು. "ಅತ್ತೆ" ಅಂದು ಗ್ಯಾಸಿನವನಾಗಿದ್ದಾಗ ನಕ್ಕು ಮರೆತೆವು. ಸರಿಯಾದದ್ದನ್ನು ಮಾತ್ರ ಅಜ್ಜಿ ಊರಿಗೆಲ್ಲ ಹಂಚಿದರು. ಅನ್ನಿಸಿದ ಕೂಡಲೇ ತಾರೀಖು ಹಾಕಿ ಬರೆದಿಟ್ಟಿದ್ದರೆ ತಪ್ಪಿದ್ದೂ ಪುಸ್ತಕದಲ್ಲಿರುತ್ತಿತ್ತು, ಅಕ್ಕನ ವಿಷಯಕ್ಕೆ ಬಾಯಿ ಬರುತ್ತಿರಲಿಲ್ಲ.

ಶಕ್ತಿ ನಿಭಾಯಿಸೋದು ಹೇಗೆ ಅಂದಿರಿ. ಇದೆಯಾ ಅಂತ ಮೊದಲು ನೋಡಿ ಅಂತೀನಿ. 1930ರ ದಶಕದಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಜೆ.ಬಿ. ರೈನ್ ಅನ್ನೋ ಸಂಶೋಧಕರು ಇಂಥ ಶಕ್ತಿ ಇದೆಯಾ ಅಂತ ಪರೀಕ್ಷಿಸೋಕೇ 25 ಕಾರ್ಡುಗಳ ಕಟ್ಟು ಬಳಸುತ್ತಿದ್ದರು. 5 ಬಗೆಯ ಚಿತ್ರ, ಒಂದೊಂದೂ 5 ಸಲ. ಕಾರ್ಡು ನೋಡದೆ ಅದರಲ್ಲಿರೋ ಚಿತ್ರ ಯಾವುದು ಅಂತ ಹೇಳಬೇಕು. ಸುಮ್ನೆ ಬಾಯಿಗೆ ಬಂದದ್ದು ಹೇಳಿದರೂ ಸರಾಸರಿ 5 ಸರಿಯಾಗುತ್ತವೆ. ನಾನು ಹಳೇ ಲಗ್ನಪತ್ರಿಕೆ ಕತ್ತರಿಸಿ ಮಾಡಿಕೊಂಡು ಗೆಳತಿಯ ಜೊತೆ ಕೂತೆ. ಎಷ್ಟು ಸಲ ಆಡಿದರೂ ಐದರ ಆಚೀಚೆಯೇ. ಗೆಳತಿಗೂ ಅಷ್ಟೇ ಬಂತು, ಅವಳ ನಾಲಿಗೆ ಮೇಲೆ ಮಚ್ಚೆಯೂ ಇಲ್ಲ.

ಮನೆಯಲ್ಲಿ ಹೇಳಬೇಕಾ ಅಂದರೆ, ಮದುವೆ, ಸಾವು, ಆಪರೇಷನ್ ವಿಷಯದಲ್ಲಿ ಬಾಯಿ ಬಿಡಲೇಬೇಡಿ. ಆದರೆ ನಿದ್ದೆ ಬರುತ್ತಿಲ್ಲ, ಯಾರದೋ ದನಿ ಕೇಳಿಸುತ್ತೆ ಅನ್ನೋದಾದರೆ ಅದನ್ನು ಮುಚ್ಚಿಡಬೇಡಿ. ಜ್ಯೋತಿಷಿ ಹತ್ತಿರ ಓಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.