ಮನೆಯಲ್ಲಿ ಜೇಮ್ಸ್, ಚರ್ಚಿನ ರಿಜಿಸ್ಟರಿನಲ್ಲಿ ಜಾಕೋಬುಸ್

ಪ್ರಶ್ನೆ: ನಮ್ಮ ಅಜ್ಜನನ್ನು ಎಲ್ಲರೂ ಜೇಮ್ಸ್ ಅಂತಲೇ ಕರೀತಿದ್ದರು. ಅವರ ಕಾಗದಪತ್ರಗಳಲ್ಲೂ ಅದೇ ಹೆಸರಿದೆ. ಅವರು ಹುಟ್ಟಿದ್ದು 1922ರಲ್ಲಿ. ಆ ವರ್ಷದ ಕಥೋಲಿಕ ಚರ್ಚಿನ ದೀಕ್ಷಾಸ್ನಾನದ ರಿಜಿಸ್ಟರ್ ನೋಡಿದರೆ ಜೇಮ್ಸ್ ಎಲ್ಲೂ ಇಲ್ಲ. ಅದೇ ದಿನದ ಒಂದು ನಮೂದಿನಲ್ಲಿ 'ಜಾಕೋಬುಸ್ ಮಾರಿಯಾ' ಎಂದಿದೆ. ಮುತ್ತಜ್ಜನ ಹೆಸರು ಜೋಸೆಫ್. ಅಲ್ಲಿ 'ಜೋಸೆಫಿ' ಎಂದಿದೆ. ಗಂಡಸಿಗೆ ಮಾರಿಯಾ ಅಂತ ಹೆಸರಿಡುತ್ತಾರಾ? ಇದು ಬೇರೆ ಯಾರದೋ ನಮೂದಾ?

ಉತ್ತರ: ಪುಟ ಮುಚ್ಚಿಡಬೇಡಿ. ನಿಮಗೆ ಸಿಕ್ಕಿರುವುದು ಅಜ್ಜನ ನಮೂದೇ ಇರುವ ಸಾಧ್ಯತೆ ಜಾಸ್ತಿ.

ಆ ಕಾಲದ ಕಥೋಲಿಕ ಪಾದ್ರಿಗಳು ರಿಜಿಸ್ಟರನ್ನು ಸಾಮಾನ್ಯವಾಗಿ ಲ್ಯಾಟಿನ್‌ನಲ್ಲಿ ಬರೆಯುತ್ತಿದ್ದರು. ಮನೆಯವರು ಯಾವ ಭಾಷೆಯಲ್ಲಿ ಹೆಸರು ಹೇಳಿದರೂ ಪುಸ್ತಕಕ್ಕೆ ಏರುವಾಗ ಅದು ಲ್ಯಾಟಿನ್ ಆಗುತ್ತಿತ್ತು. ಜೇಮ್ಸ್‌ಗೆ ಲ್ಯಾಟಿನ್ ರೂಪವೇ ಜಾಕೋಬುಸ್. ಕೇಳಲು ಎರಡಕ್ಕೂ ನಂಟೇ ಇಲ್ಲ ಅನ್ನಿಸುತ್ತೆ, ಅಲ್ವಾ? ಆದರೆ ಜಾಕೋಬುಸ್ ಹಳೆಯ ಕಾಲದಲ್ಲೇ ಕೆಲವರ ಬಾಯಲ್ಲಿ ಜಾಕೋಮುಸ್ ಆಯಿತು. ಅದು ಫ್ರೆಂಚ್ ದಾರಿಯಲ್ಲಿ ಸವೆದು ಇಂಗ್ಲಿಷಿಗೆ ಬರುವಷ್ಟರಲ್ಲಿ ಜೇಮ್ಸ್ ಆಗಿತ್ತು. ಇಟಲಿಯ ಜಾಕೊಮೊ, ಸ್ಪೇನಿನ ಹೈಮೆ, ಸ್ಯಾಂಟಿಯಾಗೊ ಎಲ್ಲ ಇದೇ ಬೇರಿನವು. ಸ್ಯಾಂಟಿಯಾಗೊ ಅಂದರೆ 'ಸಂತ ಯಾಗೊ', ಎರಡು ಮಾತು ಸೇರಿ ಒಂದೇ ಹೆಸರಾಗಿದೆ.

ಶೇಕ್ಸ್‌ಪಿಯರ್‌ಗೂ ಹೀಗೇ ಆಗಿದೆ, ಅದೂ ಕಥೋಲಿಕರಲ್ಲದ ಚರ್ಚಿನಲ್ಲಿ. 1564ರ ಏಪ್ರಿಲ್ 26ರ ನಮೂದಿನಲ್ಲಿ ವಿಲಿಯಂ ಎಂಬ ಹೆಸರೇ ಇಲ್ಲ. 'ಗುಲಿಯೆಲ್ಮುಸ್, ಯೊಹಾನ್ನೆಸ್ ಶೇಕ್ಸ್‌ಪಿಯರನ ಮಗ' ಎಂಬ ಅರ್ಥದ ಒಂದು ಸಾಲು ಲ್ಯಾಟಿನ್‌ನಲ್ಲಿದೆ, ಅಷ್ಟೆ. ಗುಲಿಯೆಲ್ಮುಸ್ ಅಂದರೆ ವಿಲಿಯಂ, ಯೊಹಾನ್ನೆಸ್ ಅಂದರೆ ಜಾನ್.

ಇನ್ನು 'ಜೋಸೆಫಿ'. ಅದು ಬೇರೆ ಹೆಸರಲ್ಲ. ಕನ್ನಡದಲ್ಲಿ ನಾವು ರಾಮ, ರಾಮನ, ರಾಮನನ್ನು ಅನ್ನುವ ಹಾಗೆ ಲ್ಯಾಟಿನ್‌ನಲ್ಲೂ ಹೆಸರಿಗೆ ವಿಭಕ್ತಿ ಪ್ರತ್ಯಯ ಹತ್ತುತ್ತದೆ. ಜೋಸೆಫುಸ್ ಅಂದರೆ ಜೋಸೆಫ್, ಜೋಸೆಫಿ ಅಂದರೆ 'ಜೋಸೆಫನ'. ತಾಯಿ ಅನ್ನಾ ಆಗಿದ್ದರೆ 'ಅನ್ನೆ' ಎಂದು ಓದುವ ರೂಪ ಕಾಣುತ್ತದೆ. ಮಗುವಿನ ಹೆಸರೂ ಕೆಲವು ಕಡೆ 'ಜಾಕೋಬುಮ್' ಆಗಿರುತ್ತದೆ, ಅಂದರೆ 'ಜಾಕೋಬನನ್ನು'. ಈ ಬಾಲಗಳನ್ನು ಕತ್ತರಿಸಿ ಓದುವುದು ಒಂದು ಸಂಜೆಯಲ್ಲಿ ರೂಢಿಯಾಗುತ್ತದೆ.

ಮಾರಿಯಾ ಬಗ್ಗೆ ಗಾಬರಿ ಬೇಡ. ಯೇಸುವಿನ ತಾಯಿ ಮರಿಯಮ್ಮನವರ ಮೇಲಿನ ಭಕ್ತಿಯಿಂದ ಗಂಡುಮಕ್ಕಳಿಗೂ ಎರಡನೇ ಹೆಸರಾಗಿ ಮಾರಿಯಾ ಇಡುವ ರೂಢಿ ಕಥೋಲಿಕರಲ್ಲಿ ಹಳೆಯದು. ಜರ್ಮನಿಯ ಸಂಗೀತಗಾರ ಕಾರ್ಲ್ ಮಾರಿಯಾ ಫಾನ್ ವೇಬರ್, ಜರ್ಮನ್ ಭಾಷೆಯ ಕವಿ ರೈನರ್ ಮಾರಿಯಾ ರಿಲ್ಕೆ ಇಬ್ಬರೂ ಗಂಡಸರೇ. ಇನ್ನೊಂದು ವಿಷಯವನ್ನೂ ನೆನಪಿಡಿ. 1917ರ ಚರ್ಚ್ ಕಾನೂನಿನಲ್ಲಿ ಒಂದು ನಿಯಮವಿತ್ತು. ಮಗುವಿಗೆ ಕ್ರೈಸ್ತ ಹೆಸರು ಇಡಲು ಮನೆಯವರು ಒಪ್ಪದಿದ್ದರೆ, ಅವರು ಇಟ್ಟ ಹೆಸರಿನ ಜೊತೆ ಪಾದ್ರಿಯೇ ಒಬ್ಬ ಸಂತರ ಹೆಸರನ್ನು ಸೇರಿಸಿ ಎರಡನ್ನೂ ಬರೆಯಬೇಕಿತ್ತು. ನಿಮ್ಮ ಅಜ್ಜನಿಗೆ ಇದು ಹೊಂದುವುದಿಲ್ಲ, ಜಾಕೋಬುಸ್ ಸಂತರ ಹೆಸರೇ. ಆದರೆ ಅದೇ ಪುಸ್ತಕದಲ್ಲಿ ಉಳಿದ ಬಂಧುಗಳನ್ನು ಹುಡುಕುವಾಗ ಮನೆಯಲ್ಲಿ ಯಾರೂ ಕೇಳದ ಹೆಸರು ಎದುರಾದರೆ ಈ ನಿಯಮವೂ ಕಾರಣವಿರಬಹುದು.

ಈಗ ಮುಖ್ಯ ಮಾತು. ಹೆಸರೊಂದನ್ನೇ ಹಿಡಿದು ಹುಡುಕಬೇಡಿ. ತಂದೆ, ತಾಯಿ, ಹುಟ್ಟಿದ ದಿನ, ಜ್ಞಾನ ತಂದೆತಾಯಿ (ದೀಕ್ಷಾಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವವರು), ಇಷ್ಟನ್ನೂ ಒಟ್ಟಿಗೆ ತಾಳೆ ನೋಡಿ. ಜ್ಞಾನ ತಂದೆತಾಯಿಯರ ಜಾಗದಲ್ಲಿ ಎಷ್ಟೋ ಸಲ ಮಗುವಿನ ಚಿಕ್ಕಪ್ಪನೋ ಅತ್ತೆಯೋ ಇರುತ್ತಾರೆ. ಆಮೇಲೆ ಪುಟದ ಅಂಚನ್ನು ನೋಡಿ. ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. 1908ರಿಂದ ಜಾರಿಗೆ ಬಂದ ನಿಯಮದ ಪ್ರಕಾರ ಮುಂದೆ ಆ ವ್ಯಕ್ತಿಯ ಮದುವೆಯಾದಾಗ ಅದನ್ನು ದೀಕ್ಷಾಸ್ನಾನದ ನಮೂದಿನ ಪಕ್ಕದಲ್ಲೇ ಗುರುತು ಮಾಡಬೇಕು. ಜಾಕೋಬುಸ್ ಮಾರಿಯಾ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ನಿಮ್ಮ ಅಜ್ಜಿಯ ಹೆಸರಿದ್ದರೆ ಮತ್ತೆ ಅನುಮಾನವೇ ಬೇಡ.

ಹಾಗಾದರೆ ಅಜ್ಜನ ನಿಜವಾದ ಹೆಸರು ಯಾವುದು? ಎರಡೂ ನಿಜ. ದಯವಿಟ್ಟು ಒಂದನ್ನು ತಪ್ಪು ಎಂದು ತಿದ್ದಿಸಲು ಹೋಗಬೇಡಿ. 1756ರಲ್ಲಿ ಸಂಗೀತಗಾರ ವುಲ್ಫ್‌ಗಾಂಗ್ ಅಮಾಡೆಯುಸ್ ಮೊಜಾರ್ಟ್‌ಗೆ ದೀಕ್ಷಾಸ್ನಾನ ಆದಾಗ ಬರೆದದ್ದು ಯೊಹಾನ್ನೆಸ್ ಕ್ರಿಸೊಸ್ತೊಮುಸ್ ವುಲ್ಫ್‌ಗಾಂಗುಸ್ ಥಿಯೊಫಿಲುಸ್ ಎಂದು. ಮೊದಲ ಎರಡು ಬಂದದ್ದು ಅವನು ಹುಟ್ಟಿದ ಜನವರಿ 27 ಆಗ ಸಂತ ಜಾನ್ ಕ್ರಿಸೊಸ್ತೊಮರ ಹಬ್ಬವಾಗಿದ್ದರಿಂದ. ಥಿಯೊಫಿಲುಸ್ ಎಂಬ ಗ್ರೀಕ್ ಮೂಲದ ಹೆಸರಿಗೆ 'ದೇವರ ಪ್ರೀತಿಪಾತ್ರ' ಎಂಬ ಅರ್ಥ. ಅದರ ಲ್ಯಾಟಿನ್ ರೂಪವೇ ಅಮಾಡೆಯುಸ್. ಅವನೋ, ಸಾಮಾನ್ಯವಾಗಿ ಅಮಾಡೆ ಅಂತ ಸಹಿ ಹಾಕುತ್ತಿದ್ದ. ಇಷ್ಟೂ ಒಬ್ಬನವೇ.

ಪ್ರಶ್ನೆ: ನಮ್ಮ ಮಗುವಿಗೆ ಸಂತರ ಹೆಸರನ್ನೇ ಇಡಬೇಕಾ? ದೃಢೀಕರಣದಲ್ಲಿ (ದೀಕ್ಷಾಸ್ನಾನ ಪಡೆದವರ ನಂಬಿಕೆಯನ್ನು ಗಟ್ಟಿಗೊಳಿಸುವ ಸಂಸ್ಕಾರದಲ್ಲಿ) ಮತ್ತೊಂದು ಹೆಸರು ತಗೊಳ್ಳುತ್ತಾರಲ್ಲ, ಅದೇನು?

ಉತ್ತರ: ಇಡಲೇಬೇಕು ಅಂತ ಈಗ ಇಲ್ಲ. 1983ರ ಚರ್ಚ್ ಕಾನೂನು ಕೇಳುವುದು ಇಷ್ಟೇ: ಹೆಸರು ಕ್ರೈಸ್ತ ಭಾವನೆಗೆ ಹೊರತಾಗಿರಬಾರದು.

ದೃಢೀಕರಣದ ಹೆಸರು ಒಂದು ರೂಢಿ, ಕಡ್ಡಾಯವಲ್ಲ. ಮೆಚ್ಚಿದ ಸಂತರೊಬ್ಬರ ಹೆಸರನ್ನು ಸೇರಿಸಿಕೊಳ್ಳುತ್ತಾರೆ. ಸರ್ಕಾರಿ ದಾಖಲೆಗೆ ಅದು ಸಾಮಾನ್ಯವಾಗಿ ಹೋಗುವುದಿಲ್ಲ. ಸನ್ಯಾಸಿನಿಯರ ಹೆಸರು ಇದಕ್ಕಿಂತ ಬೇರೆ, ಅದು ಬದುಕಿನ ಗುರುತೇ ಆಗಿಬಿಡುತ್ತದೆ. ಮದರ್ ತೆರೇಸಾ ಅವರ ಹುಟ್ಟುಹೆಸರು ಆಗ್ನೆಸ್, ಅವರ ಭಾಷೆಯಲ್ಲಿ ಅನ್ಯೆಝೆ. ಸನ್ಯಾಸಿನಿಯಾಗುವಾಗ ಅವರಿಗೆ ಫ್ರಾನ್ಸಿನ ಲಿಸಿಯೂದ ಸಂತ ತೆರೇಸ್ ಅವರ ಹೆಸರು ಬೇಕಿತ್ತು. ಮಠದಲ್ಲಿ ಮತ್ತೊಬ್ಬ ಸಿಸ್ಟರ್ ಅದನ್ನು ಮೊದಲೇ ತೆಗೆದುಕೊಂಡಿದ್ದರಿಂದ ಸ್ಪ್ಯಾನಿಷ್ ರೂಪವಾದ ತೆರೇಸಾ ಇಟ್ಟುಕೊಂಡರು.

ನಿಮ್ಮ ಮಗುವಿನ ವಿಷಯಕ್ಕೆ ಬಂದರೆ, ವಿಧಿಯ ಶುರುವಿನಲ್ಲೇ ಗುರುಗಳು ಕೇಳುತ್ತಾರೆ: "ಈ ಮಗುವಿಗೆ ಏನು ಹೆಸರಿಡುತ್ತೀರಿ?" ನೀರು ಹಾಕುವಾಗ ಕರೆಯುವುದೂ ಆ ಹೆಸರನ್ನೇ, ಮನೆತನದ ಹೆಸರನ್ನಲ್ಲ. ಮಗು ಅಳುತ್ತಿರುತ್ತೆ, ನಿಮ್ಮ ಮಾತು ಸರಿಯಾಗಿ ಕೇಳಿಸದೇ ಹೋಗಬಹುದು. ಹಿಂದಿನ ದಿನವೇ ಹೆಸರನ್ನು ಬಿಡಿಬಿಡಿ ಅಕ್ಷರದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಡಿ. ಜನನ ಪ್ರಮಾಣಪತ್ರದಲ್ಲಿರುವ ಕಾಗುಣಿತವೇ ಅದರಲ್ಲೂ ಇರಲಿ.