ಟೈಲ್ಸ್ ಬಂತು, ನೀರು ಬರಲಿಲ್ಲ

ಹೊಸನಗರ ಕಡೆಯ ಓದುಗರೊಬ್ಬರ ಪತ್ರ: "ನಮ್ಮೂರ ಶಾಲೆಗೆ ಒಂದು ಬಹುರಾಷ್ಟ್ರೀಯ ಕಂಪನಿ ಸಿಎಸ್‌ಆರ್ ಹಣದಲ್ಲಿ ಶೌಚಾಲಯ ಕಟ್ಟಿಸಿತು. ಟೈಲ್ಸ್ ಹೊಳೆಯುತ್ತಿದೆ. ಮಾರ್ಚ್ ಬಂದರೆ ಬಾವಿ ಬತ್ತುತ್ತದೆ, ಬಾಗಿಲಿಗೆ ಬೀಗ. ನಮ್ಮನ್ನು ಒಂದು ಮಾತೂ ಕೇಳಲಿಲ್ಲ. ಇದನ್ನೆಲ್ಲ ತೀರ್ಮಾನ ಮಾಡುವವರು ಯಾರು ಸಾರ್?"

ಕಾಗದದ ಮೇಲೆ, ಕಂಪನಿಯ ನಿರ್ದೇಶಕ ಮಂಡಳಿ. ಹುಲಿಕಲ್ ಮಳೆ ಸುರಿಯುವ ತಾಲೂಕಿನಲ್ಲಿ ನೀರಿಲ್ಲ ಅಂದರೆ ಅವರು ನಂಬುವುದೂ ಕಷ್ಟ ಬಿಡಿ.

ಮೊದಲು ಒಂದು ಮಾತು. ಸಿಎಸ್‌ಆರ್ ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ. ಇದು ದಾನವಲ್ಲ. 2013ರ ಕಂಪನಿ ಕಾಯ್ದೆಯ 135ನೇ ಕಲಮಿನ ಪ್ರಕಾರ, 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು ಅಥವಾ 5 ಕೋಟಿ ಲಾಭ, ಇದರಲ್ಲಿ ಒಂದಿದ್ದರೂ ಹಿಂದಿನ ಮೂರು ವರ್ಷದ ಸರಾಸರಿ ಲಾಭದ ಶೇ. 2ರಷ್ಟು ಖರ್ಚು ಮಾಡಲೇಬೇಕು. ಕಂಪನಿ ಕೆಲಸ ಮಾಡುವ ಜಾಗದ ಸುತ್ತಮುತ್ತಲಿಗೆ ಆದ್ಯತೆ ಕೊಡಬೇಕು ಎಂದೂ ಇದೆ. ಆದರೆ ಈ ಖರ್ಚು ನೋಡಿಕೊಳ್ಳುವ, ನಿರ್ದೇಶಕರದೇ ಆದ ಸಿಎಸ್‌ಆರ್ ಸಮಿತಿಯಲ್ಲಿ ಊರವರಿಗೆ ಕುರ್ಚಿ ಇಲ್ಲ.

ಹಾಗಾದರೆ ಕಂಪನಿ ಯಾರ ಮಾತು ಕೇಳುತ್ತದೆ? ಏನನ್ನಾದರೂ ತಡೆಹಿಡಿಯಬಲ್ಲವರ ಮಾತು. 2013ರಲ್ಲಿ ಬಾಂಗ್ಲಾದೇಶದ ರಾಣಾ ಪ್ಲಾಜಾ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅಲ್ಲಿಯ ಗಾರ್ಮೆಂಟ್ಸ್ ಕೆಲಸಗಾರರು ಅದಕ್ಕೂ ಮೊದಲೇ ಸುರಕ್ಷತೆ ಕೇಳುತ್ತಿದ್ದರು. ಆದರೆ ಬಟ್ಟೆ ಕೊಳ್ಳುವವರೂ ಕಾರ್ಮಿಕ ಸಂಘಟನೆಗಳೂ ಒಟ್ಟಿಗೆ ತಿರುಗಿಬಿದ್ದ ಮೇಲೆಯೇ 200ಕ್ಕೂ ಹೆಚ್ಚು ಬ್ರ್ಯಾಂಡ್‌ಗಳು ಕಟ್ಟಡ ಸುರಕ್ಷತೆಯ ಒಪ್ಪಂದಕ್ಕೆ ಸಹಿ ಹಾಕಿದ್ದು. ಕೇರಳದ ಪ್ಲಾಚಿಮಡದಲ್ಲಿ ಬಾವಿ ನೀರು ಇಳಿಯಿತು, ಕೆಟ್ಟಿತು ಎಂದು ಆದಿವಾಸಿ ಹೆಂಗಸರು ಕೋಕಾ ಕೋಲಾ ಘಟಕದ ಮುಂದೆ ಕೂತರು. 2003ರಲ್ಲಿ ಪೆರುಮಾಟ್ಟಿ ಪಂಚಾಯಿತಿ ಲೈಸೆನ್ಸ್ ನವೀಕರಿಸಲಿಲ್ಲ. ಮರುವರ್ಷ ಘಟಕ ನಿಂತಿತು. ಕೋರ್ಟು ಕಚೇರಿ ಆಮೇಲೂ ವರ್ಷಗಟ್ಟಲೆ ನಡೆಯಿತು, ಅದು ಬೇರೆ ಮಾತು.

ನಿಮ್ಮೂರಲ್ಲಿ ಕಾರ್ಖಾನೆಯೂ ಇಲ್ಲ, ಲೈಸೆನ್ಸೂ ಇಲ್ಲ. ಆದರೆ ಒಂದು ಕಾಗದ ಇದೆ. ಹಣ ಉದ್ದೇಶಕ್ಕೇ ಖರ್ಚಾಗಿದೆ ಎಂದು ಕಂಪನಿಯ ಹಣಕಾಸು ಮುಖ್ಯಸ್ಥರು ದೃಢೀಕರಿಸಬೇಕು. ಹಾಗಾಗಿ ಕೆಲಸ ಮಾಡಿಸುವ ಸಂಸ್ಥೆಯವರು ಸಾಮಾನ್ಯವಾಗಿ ಫೋಟೋ ಹಿಡಿದುಕೊಂಡು ಹೆಡ್‌ಮಾಸ್ಟರ ಸಹಿಗೆ ಬರುತ್ತಾರೆ. ಸುಮ್ನೆ ಹಾಕಿಕೊಟ್ಟರೆ ಕಡತ ಅಲ್ಲಿಗೇ ಮುಚ್ಚಿತು.

ಮುಂದಿನ ಸಲ ಪಾಯ ತೋಡುವ ಮೊದಲೇ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆ ಕರೆಯಿರಿ. ಬೇಸಿಗೆಯಲ್ಲೂ ನೀರು ಬಂದರೆ ಮಾತ್ರ ಸಹಿ ಎಂದು ಠರಾವು ಮಾಡಿ, ಆ ಸಂಸ್ಥೆಯವರಿಗೆ ಪ್ರತಿ ಕೊಡಿ. ಈಗಿನ ಶೌಚಾಲಯಕ್ಕೂ ದಾರಿ ಇದೆ. ಮಂಡಳಿ ಒಪ್ಪಿದ ಯೋಜನೆಗಳನ್ನು ಕಂಪನಿ ತನ್ನ ವೆಬ್‌ಸೈಟಿನಲ್ಲಿ ಹಾಕಲೇಬೇಕು. ಅದರಲ್ಲಿ ನಿಮ್ಮ ಶಾಲೆಯ ಹೆಸರಿದೆಯೇ ನೋಡಿ. ಬೀಗದ ಫೋಟೋ ತೆಗೆದು ಸಿಎಸ್‌ಆರ್ ಸಮಿತಿಗೆ ಕಳಿಸಿ, ಒಂದು ಪ್ರತಿ ನಮಗೂ ಇರಲಿ.

-ಸಂ.