ಅಪ್ಪ 71ರ ಯುದ್ಧದ ಬಗ್ಗೆ ಬಾಯೇ ಬಿಡಲ್ಲ, ಏನ್ ಮಾಡ್ಲಿ?

ಪ್ರಶ್ನೆ: ನಮ್ಮಪ್ಪ ಆರ್ಮಿಲಿ ಟ್ರಕ್ ಡ್ರೈವರ್ ಆಗಿದ್ರು, 1971ರ ಪಾಕಿಸ್ತಾನದ ಜೊತೆಗಿನ ಯುದ್ಧದಲ್ಲಿ ತ್ರಿಪುರಾದ ಅಗರ್ತಲಾ ಕಡೆ ಇದ್ರಂತೆ. ಕೇಳಿದ್ರೆ "ಗಾಡಿ ಓಡಿಸ್ದೆ, ಅಷ್ಟೇ" ಅಂತಾರೆ. ಅಮ್ಮ ಆಗಾಗ ಒಂದೊಂದು ಮಾತು ಹೇಳ್ತಾರೆ. ಅಪ್ಪನ್ನ ಅಲ್ಲಿಗೇ ಕರ್ಕೊಂಡು ಹೋದ್ರೆ ಮಾತಾಡ್ತಾರಾ?

ಉತ್ತರ: "ಗಾಡಿ ಓಡಿಸ್ದೆ" ಅಂದ್ರಲ್ಲ, ಅಲ್ಲಿಂದಲೇ ಶುರು ಮಾಡಿ. ಯುದ್ಧದ ಕಥೆ ಹೇಳಿ ಅಂದ್ರೆ ತುಂಬಾ ಜನ ಎದ್ದು ಹೋಗ್ತಾರೆ, ರಸ್ತೆ ಹೆಂಗಿತ್ತು ಅಂತ ಕೇಳಿ ನೋಡಿ. ಆಗ ತ್ರಿಪುರಾದಲ್ಲಿ ರೈಲು ಧರ್ಮನಗರದವರೆಗೆ ಮಾತ್ರ ಇತ್ತು, ಅಗರ್ತಲಾಗೆ ರೈಲು ಬಂದಿದ್ದೇ 2008ರಲ್ಲಿ, ಹಂಗಾಗಿ ಮದ್ದುಗುಂಡು ರೇಷನ್ನು ಡೀಸೆಲ್ಲು ಎಲ್ಲಾ ಧರ್ಮನಗರದಿಂದ ಮುಂದೆ ಬೆಟ್ಟದ ರಸ್ತೆಲಿ ಟ್ರಕ್‌ನಲ್ಲೇ ಹೋಗ್ಬೇಕಿತ್ತು. ಯುದ್ಧ ಡಿಸೆಂಬರ್ 3ರಿಂದ 16ರವರೆಗೆ ಅಂತ ನಾವು ಓದ್ತೀವಿ, ಈ ಸಾಗಾಣಿಕೆ ತಿಂಗಳುಗಟ್ಟಲೆ ಮುಂಚೆನೇ ನಡೀತಿತ್ತು, ಮಳೇಲೂ. ಅದೇ ಹೊತ್ತಿಗೆ ಸುಮಾರು 15 ಲಕ್ಷ ಜನ ಇದ್ದ ಆ ಪುಟ್ಟ ರಾಜ್ಯಕ್ಕೆ ಪಕ್ಕದ ಪೂರ್ವ ಪಾಕಿಸ್ತಾನದಿಂದ, ಅಂದ್ರೆ ಈಗಿನ ಬಾಂಗ್ಲಾದೇಶದಿಂದ, ಹೆಚ್ಚುಕಮ್ಮಿ ಅಷ್ಟೇ ನಿರಾಶ್ರಿತರು ಬಂದು ಸೇರಿದ್ರು. ಅಪ್ಪ ಅವರನ್ನೂ ಕಂಡಿರ್ತಾರೆ, ಆ ಮಾತು ಬಂದಾಗ ಸುಮ್ಮನಾದ್ರೆ ನೀವೂ ಸುಮ್ಮನಾಗಿ, ಕೆದಕಬೇಡಿ.

ಅಮ್ಮನ್ನ ಬೇರೆನೇ ಕೂರಿಸ್ಕೊಂಡು ಕೇಳಿ, ಅಪ್ಪನ ಬಗ್ಗೆ ಅಲ್ಲ, ಅವರ ಬಗ್ಗೆನೇ. ಕಾಗದ ಬರದೇ ಇದ್ದ ದಿನಗಳು, ರೇಡಿಯೋ ವಾರ್ತೆ, ತಂತಿ ಬಂತು ಅಂದ್ರೆ ಎದೆ ಧಸಕ್ ಅನ್ನೋದು, ಇದನ್ನೆಲ್ಲ ಮನೇಲಿ ಯಾರೂ ಕೇಳೋದೇ ಇಲ್ಲ, ನನಗೆ ಇದೇ ಬೇಜಾರು. ಅವರು ಒಪ್ಪಿದ್ರೆ ಫೋನಲ್ಲಿ ರೆಕಾರ್ಡ್ ಮಾಡ್ಕೊಳ್ಳಿ.

ಟ್ರಂಕಲ್ಲಿ ಡಿಸ್ಚಾರ್ಜ್ ಬುಕ್ಕು, ಮೆಡಲ್ಲು ಇದ್ರೆ ತೆಗ್ಸಿ ನೋಡಿ. ಪೂರ್ವಿ ಸ್ಟಾರ್ ಇದ್ರೆ ಪೂರ್ವ ರಂಗದಲ್ಲಿದ್ರು ಅಂತ ಖಾತ್ರಿ, ಪಶ್ಚಿಮದ ಕಡೆಯವರಿಗೆ ಕೊಟ್ಟಿದ್ದು ಪಶ್ಚಿಮಿ ಸ್ಟಾರ್.

ಇನ್ನು ಪ್ರಯಾಣ. ಮೊದಲ ಸಲ ನೀವೊಬ್ರೇ ಹೋಗಿ, ಈ ವಯಸ್ಸಲ್ಲಿ ಅವರನ್ನ ಬಲವಂತವಾಗಿ ಎಳ್ಕೊಂಡು ಹೋಗೋದು ಸರಿಯಲ್ಲ. ಅಗರ್ತಲಾಗೆ ಫ್ಲೈಟ್ ಇದೆ, ಆದ್ರೂ ನಾನು ಹೇಳೋದು ರೈಲಲ್ಲಿ ಬಂದು ಧರ್ಮನಗರದಲ್ಲೇ ಇಳಿದು ಕಾರ್ ಮಾಡ್ಕೊಂಡು ಆಠಾರಮುರಾ ಬೆಟ್ಟ ದಾಟಿ ತೇಲಿಯಾಮುರಾ ಮೇಲೆ ಹೋಗಿ, ಅಪ್ಪ ಸ್ಟೀರಿಂಗ್ ಹಿಡಿದ ದಾರಿ ಅದೇ ಇರ್ಬೇಕು. ಯುದ್ಧದ ಹೊತ್ತಲ್ಲಿ ಆ ಕಡೆಯ ಸೇನೆ ನಡೆಸಿದ ಲೆಫ್ಟಿನೆಂಟ್ ಜನರಲ್ ಸಗತ್ ಸಿಂಗ್ ಅವರ 4ನೇ ಕೋರ್ (ಸೇನೆಯ ಒಂದು ದೊಡ್ಡ ವಿಭಾಗ) ಹೆಡ್‌ಕ್ವಾರ್ಟರ್ಸ್ ಇದ್ದಿದ್ದು ತೇಲಿಯಾಮುರಾದಲ್ಲೇ. ಅಗರ್ತಲಾದಲ್ಲಿ, ಗಡಿಯಾಚೆಯ ಗಂಗಾಸಾಗರದ ಕಾಳಗದಲ್ಲಿ ಪ್ರಾಣ ಕೊಟ್ಟ ಪರಮವೀರ ಚಕ್ರದ ಆಲ್ಬರ್ಟ್ ಎಕ್ಕಾ ಅವರ ಸ್ಮಾರಕ ಇದೆ, ಬಾಂಗ್ಲಾದೇಶ ಗಡಿಯ ಅಖೌರಾ ಚೆಕ್‌ಪೋಸ್ಟ್ ಊರಿಗೆ ಅಂಟಿಕೊಂಡೇ ಇದೆ. ದಾರೀಲಿ ಅಪ್ಪಂಗೆ ವಿಡಿಯೋ ಕಾಲ್ ಮಾಡಿ "ಅಪ್ಪಾ, ಈ ತಿರುವು ಗೊತ್ತಾ" ಅಂತ ಕೇಳಿ. ಮುಂದಿನ ಸಲ ನಾನೂ ಬರ್ತೀನಿ ಅಂತ ಅವರಾಗೇ ಅಂದ್ರೆ ಅಮ್ಮಂಗೂ ಸೇರಿಸಿ ಟಿಕೆಟ್ ಮಾಡ್ಸಿ, ಮಳೆಗಾಲ ಮಾತ್ರ ಬೇಡ.